ಎಳೆಯುವುದು ಎಂಜಿನ್, ನಿಲ್ಲಿಸುವುದು ಯಾರು?

ಜನವರಿಯ ರಾತ್ರಿ. ಮುಧೋಳದಿಂದ ಜಮಖಂಡಿ ಕಡೆಗೋ ಅಥಣಿಯಿಂದ ಕಾಗವಾಡದ ಕಡೆಗೋ ಹೊರಟವರ ಕಿವಿಗೆ ಮೊದಲು ಬೀಳುವುದು ಹಾಡು. ಆಮೇಲೆ ಎಂಜಿನ್ನಿನ ಏದುಸಿರು. ಕೊನೆಗೆ ಹೆಡ್‌ಲೈಟಿನ ಬೆಳಕಿನಲ್ಲಿ ಎದ್ದು ನಿಲ್ಲುವುದು ರಸ್ತೆಯ ಮುಕ್ಕಾಲು ಪಾಲು ತುಂಬಿಕೊಂಡ ಕಬ್ಬಿನ ಗೋಡೆ. ಮುಂದೊಂದು ಟ್ರ್ಯಾಕ್ಟರ್, ಅದರ ಹಿಂದೆ ಒಂದಲ್ಲ, ಎರಡು ಟ್ರೇಲರ್.

ಕಾಲುವೆಯ ಸೇತುವೆಗೆ ಏರು ಶುರುವಾಗುತ್ತದೆ. ಹಿಂದಿನ ದೊಡ್ಡ ಗಾಲಿಗಳು ಡಾಂಬರನ್ನು ಕಚ್ಚಿ ಹಿಡಿಯುತ್ತವೆ. ಮುಂದಿನ ಪುಟ್ಟ ಗಾಲಿಗಳು ನೆಲದಿಂದ ಗೇಣುದ್ದ ಮೇಲೆದ್ದು, ಧಪ್ಪೆಂದು ಬಿದ್ದು, ಮತ್ತೆ ಏಳುತ್ತವೆ. ಬಂಪರಿನ ಮೇಲೆ ಒಬ್ಬ ಹುಡುಗ ಕೂತಿದ್ದಾನೆ. ಭಾರವಾಗಿ ಕೂರುವುದೇ ಅವನ ಕೆಲಸ.

ಚಾಲಕನನ್ನು ಕೇಳಿದರೆ ಉತ್ತರ ಸಿದ್ಧ: ‘ಎಷ್ಟ್ ಹಾಕಿದ್ರೂ ಎಳಿತೈತ್ರೀ.’ ಸುಳ್ಳಲ್ಲ. ಟ್ರ್ಯಾಕ್ಟರ್ ಎಳೆಯುತ್ತದೆ, ಏರು ಮುಗಿಯುತ್ತದೆ. ಸೇತುವೆಯ ಆಚೆಗೆ ಇಳಿಜಾರು. ಇಷ್ಟು ಹೊತ್ತು ಹಿಂದಕ್ಕೆ ಜಗ್ಗುತ್ತಿದ್ದ ಹತ್ತಿಪ್ಪತ್ತು ಟನ್ ಕಬ್ಬು ಈಗ ಹಿಂದಿನಿಂದ ನೂಕತೊಡಗುತ್ತದೆ. ಅದನ್ನು ತಡೆಯುವುದು ಯಾವುದು ಎಂಬ ಪ್ರಶ್ನೆಯನ್ನು ಟ್ರ್ಯಾಕ್ಟರ್ ಕೊಳ್ಳುವ ದಿನ ಕೇಳಿದವರು ಕಡಿಮೆ.

ಎಚ್‌ಪಿ ಹೇಳುವ ಅರ್ಧ ಸತ್ಯ

ಶೋರೂಮಿಗೆ ಕಾಲಿಟ್ಟವರ ಬಾಯಲ್ಲಿ ಮೊದಲು ಬರುವ ಮಾತು ಎಚ್‌ಪಿ. ‘ನಲವತ್ತೈದರದು ಸಾಕೋ, ಐವತ್ತೈದರದೇ ಬೇಕೋ?’ ಊರಿನ ಕಟ್ಟೆಯ ಮೇಲೂ ಗಾಡಿಯ ತಾಕತ್ತನ್ನು ಅಳೆಯುವುದು ಇದೇ ಅಂಕಿಯಿಂದ.

ಆದರೆ ಎಚ್‌ಪಿ ಹೇಳುವುದು ಎಂಜಿನ್ ಎಷ್ಟು ಬೇಗ ಕೆಲಸ ಮಾಡುತ್ತದೆ ಎನ್ನುವುದನ್ನು ಮಾತ್ರ. ಗೇರ್ ಇಳಿಸಿದಷ್ಟೂ ವೇಗ ಕುಗ್ಗಿ ಎಳೆಯುವ ಬಲ ಹಿಗ್ಗುತ್ತದೆ. ಹೀಗಾಗಿ ಸಣ್ಣ ಎಂಜಿನ್ ಕೂಡ ದೊಡ್ಡ ಹೊರೆಯನ್ನು ನಿಧಾನವಾಗಿ ಎಳೆದುಕೊಂಡು ಹೋಗಬಲ್ಲದು. ಸುಮಾರು 50 ಎಚ್‌ಪಿಯ ಟ್ರ್ಯಾಕ್ಟರ್ ಹತ್ತಾರು ಟನ್ ಕಬ್ಬನ್ನು ಕದಲಿಸುವುದರ ಗುಟ್ಟು ಇಷ್ಟೇ.

ಎಂಜಿನ್ನಿನ ಬಲ ರಸ್ತೆಗೆ ಇಳಿಯಬೇಕಾದರೆ ಟಯರು ನೆಲವನ್ನು ಹಿಡಿಯಬೇಕು. ಆ ಹಿಡಿತ ಬರುವುದು ಟಯರಿನ ಮೇಲೆ ಬಿದ್ದ ಭಾರದಿಂದ. 50 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರಿನ ತೂಕ ಸಾಮಾನ್ಯವಾಗಿ 2 ಟನ್ನಿನ ಅಕ್ಕಪಕ್ಕ. ಅದು ಸಾಲದೆಂದೇ ರೈತರು ಹಿಂದಿನ ಟಯರಿಗೆ ನೀರು ತುಂಬಿಸುತ್ತಾರೆ. ಗಾಲಿಯನ್ನು ಜಾಕ್ ಕೊಟ್ಟು ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ನೀರು ವಾಲ್ವಿನಿಂದ ಹೊರಗೆ ಉಕ್ಕುವ ತನಕ ಬಿಡುವುದು ರೂಢಿ. ಆಗ ಟ್ಯೂಬಿನ ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ. ಪಂಕ್ಚರ್ ಅಂಗಡಿಯ ಹುಡುಗನಿಗೂ ಗೊತ್ತಿರುವ ಈ ಉಪಾಯದ ಹಿಂದೆ ಇರುವುದು ಒಂದೇ ತತ್ವ: ಎಳೆಯುವ ಗಾಡಿಗೆ ಎಂಜಿನ್ನಿನಷ್ಟೇ ಮುಖ್ಯ ಅದರ ಸ್ವಂತ ತೂಕ.

ನಿಲ್ಲಿಸುವಾಗ ಈ ತತ್ವ ಇನ್ನೂ ಕಟುವಾಗಿ ಕೆಲಸ ಮಾಡುತ್ತದೆ.

ನಿಲ್ಲಿಸುವ ಲೆಕ್ಕ

ನಮ್ಮ ಹೊಲಗಳಲ್ಲಿ ಓಡಾಡುವ ಬಹುತೇಕ ಟ್ರ್ಯಾಕ್ಟರ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಅವುಗಳ ಬೆನ್ನಿಗೆ ಬೀಳುವ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ, ಇದ್ದರೂ ಕೆಲಸ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಲಾರಿಯಲ್ಲಾದರೆ ಎಲ್ಲ ಗಾಲಿಗಳಿಗೂ ಬ್ರೇಕ್. ಹೊರೆ ಹೆಚ್ಚಿದಷ್ಟೂ ಆ ಗಾಲಿಗಳು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತವೆ. ನಾಲ್ಕು ಗಾಲಿಯ ಟ್ರೇಲರಿನ ಹೊರೆಯಾದರೋ ತನ್ನ ಗಾಲಿಗಳ ಮೇಲೇ ಕೂತಿರುತ್ತದೆ. ಅವಕ್ಕೆ ಬ್ರೇಕ್ ಇಲ್ಲ. ಬ್ರೇಕ್ ಇರುವ ಗಾಲಿಗಳ ಮೇಲೆ ಆ ಭಾರ ಇಲ್ಲ.

ಒಂದು ಸ್ಥೂಲ ಲೆಕ್ಕ ಹಾಕಿ ನೋಡೋಣ. ಟ್ರ್ಯಾಕ್ಟರಿನ ತೂಕ 2.2 ಟನ್, ಅದರಲ್ಲಿ 1.4 ಟನ್ ಹಿಂದಿನ ಗಾಲಿಗಳ ಮೇಲೆ. ಒಣ ಡಾಂಬರು ರಸ್ತೆ. ವೇಗ ಗಂಟೆಗೆ 25 ಕಿಲೊಮೀಟರ್. ಟ್ರ್ಯಾಕ್ಟರ್ ಒಂದೇ ಇದ್ದರೆ ಬ್ರೇಕ್ ಬಲವಾಗಿ ತುಳಿದ ಆರೇಳು ಮೀಟರಿನೊಳಗೆ ನಿಲ್ಲುತ್ತದೆ. ಕಬ್ಬೂ ಸೇರಿ 12 ಟನ್ ತೂಗುವ, ಬ್ರೇಕಿಲ್ಲದ ಟ್ರೇಲರನ್ನು ಹಿಂದೆ ಕಟ್ಟಿದರೆ ಅದೇ ಬ್ರೇಕಿಗೆ, ಅದೇ ಕಾಲಿಗೆ, ಬೇಕಾಗುವುದು 30ರಿಂದ 40 ಮೀಟರ್. ಅಂಥದ್ದೇ ಇನ್ನೊಂದು ಟ್ರೇಲರ್ ಸೇರಿತೋ, 50 ಮೀಟರ್ ಮೀರಿ 75ರವರೆಗೂ ಹೋಗಬಹುದು. ಗಾಬರಿಯಾದ ಕಾಲು ಪೆಡಲಿಗೆ ತಲುಪುವ ಒಂದು ಸೆಕೆಂಡಿನಲ್ಲಿ ಉರುಳುವ 7 ಮೀಟರ್ ಇದಕ್ಕೆ ಬೇರೆ.

ವೇಗ 25ರಿಂದ 35ಕ್ಕೆ ಏರಿದರೆ ಈ ದೂರ ಸುಮಾರು ಇಮ್ಮಡಿ. ವೇಗ ಏರಿದ್ದು ಹತ್ತೇ ಕಿಲೊಮೀಟರ್, ಆದರೆ ತಡೆಯಬೇಕಾದ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ.

‘ಆಯಿಲ್ ಬ್ರೇಕ್ ಇರುವ ಗಾಡಿ ತಗೊಂಡರೆ ಆಯಿತಲ್ಲ’ ಎನ್ನುವವರಿದ್ದಾರೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಬೇಗ ಕಾಯುವುದಿಲ್ಲ, ಬೇಗ ಸವೆಯುವುದಿಲ್ಲ, ಕೆಸರು ನೀರು ಒಳಗೆ ಹೋಗುವುದಿಲ್ಲ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು. ಆದರೆ ಬ್ರೇಕ್ ಎಷ್ಟೇ ಗಟ್ಟಿಯಾಗಿ ಹಿಡಿದರೂ ಟಯರಿಗೂ ನೆಲಕ್ಕೂ ಇರುವ ಹಿಡಿತದ ಮಿತಿ ಮೀರುವಂತಿಲ್ಲ. ಅದನ್ನು ಮೀರಿದರೆ ಗಾಲಿ ನಿಂತು ಟಯರು ಜಾರುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ. ಟ್ರೇಲರನ್ನು ನಿಲ್ಲಿಸಲು ಟ್ರೇಲರಿನ ಗಾಲಿಗೇ ಬ್ರೇಕ್ ಬೇಕು.

ಇಳಿಜಾರಿನಲ್ಲಿ ನ್ಯೂಟ್ರಲ್

ಮೇಲಿನ ಲೆಕ್ಕ ಸಮತಟ್ಟು ರಸ್ತೆಯದು. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಅಂಥ ಇಳಿಜಾರೇನೂ ಅನ್ನಿಸುವುದಿಲ್ಲ. ಅಲ್ಲಿ ಒಂದು ಟ್ರೇಲರಿನ ಗಾಡಿ ನಿಲ್ಲಲು 80 ಮೀಟರಿಗೂ ಹೆಚ್ಚು ಬೇಕು. ಜೋಡಿ ಟ್ರೇಲರ್ ಇದ್ದರೆ, ಬ್ರೇಕನ್ನು ಪೂರ್ತಿ ತುಳಿದರೂ ಸಾಧ್ಯವಾಗುವುದು ವೇಗ ಏರದಂತೆ ಹಿಡಿದಿಡುವುದಷ್ಟೇ. ನಿಲ್ಲಿಸುವುದು ಹೆಚ್ಚುಕಡಿಮೆ ಆಗದ ಮಾತು. ರಸ್ತೆಯ ಮೇಲೆ ಮರಳು, ಮಣ್ಣು ಇಲ್ಲವೇ ಚೆಲ್ಲಿದ ಕಬ್ಬಿನ ರವದಿ ಇದ್ದರೆ ಅದೂ ಇಲ್ಲ.

ಇಂಥಲ್ಲೇ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಟ ಕೆಲವರಿಗೆ. ಗೇರ್ ತಪ್ಪಿಸಿದ ಕ್ಷಣದಿಂದ ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿಯುತ್ತದೆ, ಎಲ್ಲ ಭಾರವೂ ಬ್ರೇಕಿನ ತಲೆಗೆ ಬರುತ್ತದೆ. ಓಡುತ್ತಿರುವ ಗಾಡಿಯನ್ನು ಮತ್ತೆ ಗೇರಿಗೆ ಹಾಕುವುದು ಟ್ರ್ಯಾಕ್ಟರಿನಲ್ಲಿ ಸುಲಭವಲ್ಲ. ಹಳೆಯ ಚಾಲಕರು ಕಲಿಸುವ ಪಾಠವೊಂದಿದೆ: ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ನಡುವೆ ಕ್ಲಚ್ ತುಳಿಯಬಾರದು.

ತಿರುವಿನಲ್ಲಿ ಅಪಾಯದ ರೂಪ ಬೇರೆ. ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗಿದೆ, ಹಿಂದಿನ ಹೊರೆ ಇನ್ನೂ ನೇರಕ್ಕೇ ನೂಕುತ್ತಿದೆ. ಆಗ ಕೊಂಡಿಯ ಜಾಗದಲ್ಲಿ ಗಾಡಿ ಅಡಕತ್ತರಿಯಂತೆ ಮಡಿಚಿಕೊಳ್ಳುತ್ತದೆ. ಮಧ್ಯೆ ಸಿಕ್ಕವನು ಚಾಲಕ.

ಎರಡು ಪೆಡಲಿನ ಚಿಲಕ

ಟ್ರ್ಯಾಕ್ಟರಿನಲ್ಲಿ ಚಾಲಕನ ಬಲಗಾಲಿನ ಹತ್ತಿರ ಒಂದರ ಪಕ್ಕ ಒಂದು ಎರಡು ಬ್ರೇಕ್ ಪೆಡಲುಗಳಿರುತ್ತವೆ. ಒಂದು ಎಡಬದಿಯ ಗಾಲಿಗೆ, ಒಂದು ಬಲಬದಿಯ ಗಾಲಿಗೆ. ಉಳುವಾಗ ಸಾಲಿನ ತುದಿಯಲ್ಲಿ ಗಾಡಿಯನ್ನು ಗರ್ರನೆ ತಿರುಗಿಸಲು ಒಂದೇ ಬದಿಯ ಬ್ರೇಕ್ ಒತ್ತುತ್ತಾರೆ. ಹೊಲದಲ್ಲಿ ಅದು ವರ.

ಅದೇ ಟ್ರ್ಯಾಕ್ಟರ್ ರಸ್ತೆಗೆ ಬಂದಾಗ ಎರಡೂ ಪೆಡಲನ್ನು ಒಂದು ಮಾಡಲು ಬೆರಳಗಲದ ಚಿಲಕವೊಂದನ್ನು ಕೊಟ್ಟಿರುತ್ತಾರೆ. ಅದನ್ನು ಹಾಕದೆ ಹೊರಟವನು ಆತುರದಲ್ಲಿ ಒಂದೇ ಪೆಡಲ್ ತುಳಿದರೆ ಒಂದು ಬದಿಯ ಗಾಲಿ ಮಾತ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ಆ ಬದಿಗೆ ಎಳೆದು ಅಡ್ಡ ಬೀಳುತ್ತದೆ. ಚಿಲಕ ಹಾಕಿದ್ದರೂ ಎರಡು ಬದಿಯ ಬ್ರೇಕ್ ಸಮನಾಗಿ ಹಿಡಿಯುವಂತೆ ಹೊಂದಿಸಿರಬೇಕು. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಬಗ್ಗಿ ನೋಡಬೇಕಾದ ಜಾಗ ಇದು. ಚಿಲಕ ತುಕ್ಕು ಹಿಡಿದು ಅಲ್ಲಾಡದಂತಿದ್ದರೆ ಹಿಂದಿನ ಮಾಲೀಕ ಗಾಡಿಯನ್ನು ರಸ್ತೆಯಲ್ಲಿ ಹೇಗೆ ಓಡಿಸಿದ್ದಾನೆ ಎನ್ನುವುದು ಅಲ್ಲೇ ತಿಳಿಯುತ್ತದೆ.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದ ಅಜ್ಜಂದಿರಿಗೆ ಈ ವಿಜ್ಞಾನದ ಅರ್ಧ ಪಾಠ ಗೊತ್ತಿತ್ತು. ಹೇರು ಮುಗಿದ ಮೇಲೆ ಅವರು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಎರಡೂ ಆಗದಂತೆ, ತುಸು ಮುಂಭಾರ ಉಳಿಸಿ, ನಾಲ್ಕು ಚೀಲ ಅತ್ತ ಇತ್ತ ಸರಿಸಿ ಗಾಡಿ ಹೊರಡಿಸುತ್ತಿದ್ದರು.

ಎರಡು ಗಾಲಿಯ ಟ್ರೇಲರಿಗೂ ಇದೇ ನಿಯಮ. ತುಸು ಭಾರ ಕೊಂಡಿಯ ಮೇಲೆ ಬಿದ್ದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಹಿಡಿತ ಸಿಗುತ್ತದೆ. ಹಿಂಭಾರವಾದರೆ ಕೊಂಡಿ ಮೇಲಕ್ಕೆ ಎದ್ದು, ಹಿಡಿತ ಸಡಿಲುತ್ತದೆ. ಮುಂಭಾರ ವಿಪರೀತವಾದರೂ ಕಷ್ಟವೇ: ಕೊಂಡಿ ಇರುವುದು ಹಿಂದಿನ ಅಚ್ಚಿನ ಆಚೆಗೆ. ಅಲ್ಲಿ ಒತ್ತಿದರೆ ತೂಗುಮಣೆಯಂತೆ ಮುಂದಿನ ಗಾಲಿಗಳು ಏಳುತ್ತವೆ.

ಸಮುದ್ರದಾಚೆಗೂ ಪಾಠ ಬೇರೆಯಲ್ಲ. ಅಮೆರಿಕದಲ್ಲಿ ಪಿಕಪ್ಪಿಗೋ ಎಸ್‌ಯುವಿಗೋ ದೋಣಿ, ಸಾಮಾನಿನ ಪೆಟ್ಟಿಗೆ, ಓಡಾಡುವ ಮನೆ ಕಟ್ಟಿಕೊಂಡು ಹೋಗುವವರಿಗೆ ಹೇಳುವ ಮೊದಲ ಸೂತ್ರ, ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಎಂಬುದು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ, ಬೀಸುವುದು ಹೆಚ್ಚಿದರೆ ಮುಂದಿನ ಗಾಡಿಯನ್ನೂ ಕೆಡವುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಮನೆ ಬದಲಾಯಿಸಲು ಬಾಡಿಗೆ ಟ್ರೇಲರ್ ತಂದರೆ ಭಾರದ ಸಾಮಾನನ್ನು ಮುಂದಕ್ಕೆ ಜೋಡಿಸಿ ಎಂಬ ಸೂಚನೆ ಓದುತ್ತಾರೆ. ಅವರ ಅಜ್ಜ ಮೂಕಿ ಎತ್ತಿ ನೋಡುತ್ತಿದ್ದುದು ಇದನ್ನೇ.

ಮೂತಿ ಎದ್ದಾಗ

ಮುಂದಿನ ಗಾಲಿ ಎದ್ದರೆ ಮೊದಲು ಹೋಗುವುದು ಸ್ಟೀರಿಂಗು. ನೆಲ ಮುಟ್ಟದ ಗಾಲಿಯನ್ನು ಎತ್ತ ತಿರುಗಿಸಿದರೇನು? ಟ್ರ್ಯಾಕ್ಟರ್ ತಿರುಗಿಸಿದ ಕಡೆ ತಿರುಗಬೇಕಾದರೆ ಅದರ ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲಿರಬೇಕು ಎಂಬುದು ತಂತ್ರಜ್ಞರ ಅಂದಾಜು. ಮುಂಭಾಗದಲ್ಲಿ ಬೀಡು ಕಬ್ಬಿಣದ ತೂಕದ ತುಂಡುಗಳನ್ನು ಜೋಡಿಸಲು ಕಂಪನಿಗಳು ಜಾಗ ಕೊಟ್ಟಿರುವುದು ಇದಕ್ಕೇ. ಆ ಜಾಗದಲ್ಲಿ ಹುಡುಗನನ್ನು ಕೂರಿಸುವುದು ನಮ್ಮ ಉಪಾಯ. ಗಾಡಿ ಕುಪ್ಪಳಿಸಿದಾಗ ಅವನು ಬೀಳುವುದು ಗಾಲಿಯ ಮುಂದಕ್ಕೇ.

ಮೂತಿ ಪೂರ್ತಿ ಎದ್ದರೆ ಮುಂದಿನದು ಇನ್ನೂ ಘೋರ. ಕೆಸರಿನ ಹೊಲದಲ್ಲಿ ಟ್ರೇಲರ್ ಹೂತಿದೆ, ಹಿಂದಿನ ಗಾಲಿಗಳು ತಿರುಗಲೊಲ್ಲವು. ಚಾಲಕ ಎಂಜಿನ್ ರೇಸ್ ಮಾಡಿ ಕ್ಲಚ್ಚನ್ನು ಥಟ್ಟನೆ ಬಿಡುತ್ತಾನೆ. ಗಾಲಿ ತಿರುಗದಿದ್ದಾಗ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಎದ್ದು ಹಿಂದಕ್ಕೆ ಮಗುಚುವ ಈ ಕ್ರಿಯೆಗೆ ಒಂದೂವರೆ ಸೆಕೆಂಡೂ ಬೇಡ. ‘ಎದ್ದಿತು’ ಎಂದು ಮನಸ್ಸಿಗೆ ಹೊಳೆದು ಕ್ಲಚ್ ತುಳಿಯುವಷ್ಟರಲ್ಲಿ ಕೈ ಮೀರಿರುತ್ತದೆ.

ಇದನ್ನು ತಡೆಯುವುದು ಕೊಂಡಿಯ ಎತ್ತರ. ಅಚ್ಚಿಗಿಂತ ಕೆಳಗಿರುವ ಕೊಂಡಿಯಿಂದ ಎಳೆದರೆ ಮಗುಚುವ ಸಂಭವ ಕಡಿಮೆ. ಸಿಕ್ಕ ಗಾಡಿ ಎಳೆಯಲು ಸರಪಳಿಯನ್ನು ಅಚ್ಚಿಗೋ ಅದಕ್ಕೂ ಮೇಲಿನ ಟಾಪ್ ಲಿಂಕಿನ ಜಾಗಕ್ಕೋ ಕಟ್ಟಿದರೆ ಸಾವನ್ನು ಕೈಯಾರೆ ಕರೆದಂತೆ.

ಮಗುಚಿದರೂ ಚಾಲಕ ಉಳಿಯಬೇಕೆಂದು ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಗಟ್ಟಿ ಉಕ್ಕಿನ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಮುಂದಿನ ದಶಕಗಳಲ್ಲಿ ತೀರ ಇಳಿಯಿತು. ನಮ್ಮ ಬಹುತೇಕ ಟ್ರ್ಯಾಕ್ಟರ್‌ಗಳ ಮೇಲೆ ಕಾಣುವುದು ಬಿಸಿಲು ತಡೆಯುವ ಹುಡ್.

ಹೆಬ್ಬೆರಳು ದಪ್ಪದ ನಂಬಿಕೆ

ಟ್ರ್ಯಾಕ್ಟರಿಗೂ ಟ್ರೇಲರಿಗೂ ಇರುವ ನಂಟು ಒಂದು ಪಿನ್ನು. ಹೊಸದಿದ್ದಾಗ ಗುಂಡಗಿದ್ದದ್ದು ಹಂಗಾಮು ಕಳೆಯುವಷ್ಟರಲ್ಲಿ ನಡುವೆ ಸವೆದು ಸೊಂಟ ಬಂದಿರುತ್ತದೆ. ಅದು ಮೇಲಕ್ಕೆ ಜಿಗಿಯದಂತೆ ತಡೆಯಲು ಕೆಳಗೊಂದು ಚಿಕ್ಕ ಲಾಕ್ ಇರುತ್ತದೆ. ಅದು ಕಳೆದುಹೋದರೆ ಅಲ್ಲೊಂದು ಮೊಳೆ, ತಂತಿಯ ತುಂಡು. ರಸ್ತೆಯ ಗುಂಡಿಯಲ್ಲಿ ಎಗರಿದಾಗ ತಂತಿ ತುಂಡಾದರೆ ಹತ್ತಾರು ಟನ್ನಿನ ಹೊರೆ ಮಾಲೀಕನಿಲ್ಲದ ಗಾಡಿಯಾಗುತ್ತದೆ.

ಪಿನ್ನು ತಪ್ಪಿದರೂ ಟ್ರೇಲರ್ ಓಡಿಹೋಗದಂತೆ ಬೇರೊಂದು ಸರಪಳಿ ಬಿಗಿಯುವುದು ದೊಡ್ಡ ಖರ್ಚಲ್ಲ. ಹೊರೆ ಹೇರುವ ಮೊದಲು ಪಿನ್ನನ್ನು ಹೊರಗೆಳೆದು ಬೆರಳಾಡಿಸಿ ನೋಡಲು ಅರ್ಧ ನಿಮಿಷ ಸಾಕು.

ಕತ್ತಲಲ್ಲಿ ಕಾಣದ ಬೆನ್ನು

ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಜೀವ ಕಳೆದುಕೊಳ್ಳುವವರು ಟ್ರ್ಯಾಕ್ಟರಿನವರು ಮಾತ್ರವಲ್ಲ, ಹಿಂದಿನಿಂದ ಬಂದ ಬೈಕು, ಕಾರುಗಳವರೂ ಹೌದು. ಕಾರಣ ಬಿಡಿಸಿ ನೋಡಿ. ಕಾರು ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿದೆ, ಮುಂದಿನ ಟ್ರೇಲರ್ 15ರಲ್ಲಿ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 18 ಮೀಟರಿನಂತೆ ಕರಗುತ್ತದೆ. ಡಿಮ್ ಮಾಡಿದ ಹೆಡ್‌ಲೈಟಿಗೆ 50 ಮೀಟರ್ ದೂರದಲ್ಲಿ ಕಬ್ಬಿನ ಗೋಡೆ ಕಂಡರೆ ಉಳಿಯುವುದು ಮೂರು ಸೆಕೆಂಡಿಗಿಂತ ಕಡಿಮೆ. ಟ್ರೇಲರಿನ ಹಿಂಬದಿ ದೀಪ, ಇದ್ದರೂ, ಜೋತುಬಿದ್ದ ಕಬ್ಬಿನ ತುದಿಗಳ ಹಿಂದೆ ಮರೆಯಾಗಿರುತ್ತದೆ. ಸೌಂಡ್ ಬಾಕ್ಸಿನ ಅಬ್ಬರದಲ್ಲಿ ಹಿಂದಿನವನ ಹಾರ್ನ್ ಚಾಲಕನಿಗೆ ಕೇಳುವುದೂ ಇಲ್ಲ.

ಮದ್ದು ದುಬಾರಿಯಲ್ಲ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ: ಬೆಳಕು ಬಿದ್ದರೆ ಮಿನುಗುವ ಟೇಪಿನ ಕ್ರಮ ಇದು. ಹೊರೆ ಮುಚ್ಚದ ಜಾಗದಲ್ಲಿ ಅಂಟಿಸಬೇಕು ಅಷ್ಟೇ. ನಿಧಾನ ವಾಹನಗಳ ಬೆನ್ನಿಗೆ ಹಾಕುವ, ಕೆಂಪು ಅಂಚಿನ ಕಿತ್ತಳೆ ತ್ರಿಕೋನವನ್ನು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ರೂಪಿಸಿದ್ದು ಇದೇ ಸಮಸ್ಯೆಗೆ: ದೂರದಿಂದಲೇ ‘ಇದು ನಿಧಾನದ ಗಾಡಿ’ ಎಂದು ಹೇಳಲು.

ಪಂಕ್ಚರಾದ ಟ್ರೇಲರನ್ನು ನಡುರಸ್ತೆಯಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ರಿಪೇರಿಯಾದ ಮೇಲೆ ಕಲ್ಲನ್ನು ಅಲ್ಲೇ ಉಳಿಸಿ ಹೋಗುವುದು ಇನ್ನೊಂದು ಪಿಡುಗು. ಆ ಕಲ್ಲಿಗೆ ಬಲಿಯಾಗುವವನು ಬೆಳಗಿನ ಜಾವ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನು.

ಬೇರೆಯವರ ಅಳತೆಗೋಲು

ಐರೋಪ್ಯ ಒಕ್ಕೂಟದಲ್ಲಿ ಕಾರಿನ ಹಿಂದೆ ಎಳೆಯುವ ಟ್ರೇಲರ್ 750 ಕಿಲೊ ಮೀರಿದರೆ ಅದಕ್ಕೇ ಸ್ವಂತ ಬ್ರೇಕ್ ಇರಬೇಕು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಈ ಗೆರೆ 3,000 ಪೌಂಡ್, ಅಂದರೆ ಸುಮಾರು 1,360 ಕಿಲೊ. ಬ್ರಿಟನ್ನಿನಲ್ಲಿ ಹೊಸಬರಿಗೆ ಕೊಡುವ ಸಲಹೆ ಇನ್ನೂ ಬಿಗಿ: ಕ್ಯಾರವಾನ್‌ ತೂಕ ಎಳೆಯುವ ಕಾರಿನ ತೂಕದ ಶೇ 85 ಮೀರದಿರಲಿ. ಗಾಡಿ, ಟ್ರೇಲರ್, ಜನ, ಸರಂಜಾಮು ಎಲ್ಲ ಸೇರಿ ಎಷ್ಟು ತೂಗಬಹುದು ಎಂಬುದಕ್ಕೂ ತಯಾರಕರು ಮಿತಿ ಗೊತ್ತು ಮಾಡಿರುತ್ತಾರೆ.

ಅವರ ವೇಗ ನಮ್ಮ ಟ್ರ್ಯಾಕ್ಟರಿನ ನಾಲ್ಕು ಪಟ್ಟು, ಹೋಲಿಕೆ ಪೂರ್ತಿ ಸರಿಯಲ್ಲ ಎನ್ನಬಹುದು. ಒಪ್ಪೋಣ. ಆದರೂ ಎಳೆಯುವವನಿಗಿಂತ ಹೊರೆ ಹಗುರವಿರಲಿ ಎನ್ನುವ ಲೆಕ್ಕ ಒಂದು ಕಡೆ, ಎಳೆಯುವವನ ಐದು, ಹತ್ತು ಪಟ್ಟು ಭಾರದ ಹೊರೆ ಬ್ರೇಕಿಲ್ಲದೆ ಇಳಿಜಾರಿಳಿಯುವ ಲೆಕ್ಕ ಇನ್ನೊಂದು ಕಡೆ. ನಡುವೆ ಎಲ್ಲೋ ನಿಲ್ಲಲೇಬೇಕಲ್ಲ?

ಟನ್ನಿನ ಒತ್ತಡ

ಹೆಚ್ಚು ಹೇರುವವನು ಮೂರ್ಖನಲ್ಲ. ಸಾಗಣೆಯ ಹಣ ಸಿಗುವುದು ಟನ್ನಿನ ಲೆಕ್ಕದಲ್ಲಿ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಹಚ್ಚಿ ಕೆಲವೊಮ್ಮೆ ರಾತ್ರಿಯೆಲ್ಲ ಕಾಯಬೇಕು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಕಟಾವಿನ ಗ್ಯಾಂಗಿಗೆ ಮುಂಗಡ ಕೊಟ್ಟಾಗಿದೆ, ಟ್ರ್ಯಾಕ್ಟರಿನ ಸಾಲದ ಕಂತು ನಿಲ್ಲುವುದಿಲ್ಲ. ಒಂದೇ ಸರತಿಗೆ ಎರಡು ಟ್ರೇಲರ್ ತೂಗಿಸಿದರೆ ಎರಡು ಪಟ್ಟು ಹಣ.

ಆದ್ದರಿಂದ ಚಾಲಕನೊಬ್ಬನಿಗೆ ಬುದ್ಧಿ ಹೇಳಿದರೆ ಸಾಲದು. ಪ್ರತಿ ಗಾಡಿಯೂ ಕಾರ್ಖಾನೆಯ ಕಾಟಾ ಹತ್ತಿಯೇ ಒಳಗೆ ಹೋಗುತ್ತದೆ. ಯಾವ ಗಾಡಿ ಎಷ್ಟು ಹೇರಿತ್ತು ಎಂಬ ಲೆಕ್ಕ ಇಡೀ ಜಿಲ್ಲೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಇರುವುದು ಅಲ್ಲೇ. ಟೇಪು, ಹಿಂದೀಪ, ಪಿನ್ನಿನ ಲಾಕ್ ಇಲ್ಲದ ಗಾಡಿಯನ್ನು ಗೇಟಿನಲ್ಲೇ ಗುರುತಿಸುವುದೂ ಅಲ್ಲಿ ಸುಲಭ.

ಕೊಳ್ಳುವ ದಿನ

ಸಾಗಣೆಗೆಂದೇ ಟ್ರ್ಯಾಕ್ಟರ್ ಕೊಳ್ಳುವವರು ಎಚ್‌ಪಿ ಜತೆಗೆ ಇನ್ನಷ್ಟು ಕೇಳಲಿ. ಗಾಡಿಯ ಸ್ವಂತ ತೂಕ ಎಷ್ಟು, ಅದರಲ್ಲಿ ಮುಂದೆಷ್ಟು, ಹಿಂದೆಷ್ಟು? ಮುಂದೆ ತೂಕದ ತುಂಡು ಜೋಡಿಸಬಹುದೇ? ಬ್ರೇಕ್ ಆಯಿಲಿನದೋ, ಒಣ ಡಿಸ್ಕೋ? ಟ್ರೇಲರಿಗೆ ಬ್ರೇಕ್ ಜೋಡಿಸಲು ಅನುಕೂಲವಿದೆಯೇ? ಕಂಪನಿ ಹೇಳುವ ಗರಿಷ್ಠ ಟ್ರೇಲರ್ ತೂಕ ಎಷ್ಟು? ಟ್ರೇಲರಿನ ನೋಂದಣಿ, ವಿಮೆಯ ಕಾಗದ ಸರಿಯಿದೆಯೇ?

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್ ಮಾದರಿಗಳನ್ನು ಪರೀಕ್ಷಿಸಿ ಎಳೆತ, ಬ್ರೇಕ್, ತೂಕಗಳ ವರದಿ ಕೊಡುತ್ತದೆ. ದಕ್ಷಿಣದವರಿಗೆ ನಮ್ಮ ಗಡಿಯಾಚೆಗಿನ ಅನಂತಪುರದ ಗಾರ್ಲದಿನ್ನೆಯಲ್ಲಿ ಅಂಥದ್ದೇ ಸಂಸ್ಥೆಯಿದೆ. ಡೀಲರನ್ನು ಆ ವರದಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ಆದ ಮೇಲೆ ಗಾಡಿ ಓಡಿಸಿ ನೋಡುವ ಹೊತ್ತು ಬರುತ್ತದೆ. ಶೋರೂಮಿನ ಅಂಗಳದಲ್ಲಿ ಹೊಸ ಟ್ರ್ಯಾಕ್ಟರ್, ಹಿಂದೆ ಏನೂ ಇಲ್ಲ. ಮಾಲೀಕನಾಗುವವನು ಒಂದು ಸುತ್ತು ಹಾಕಿ, ಗೇಟಿನ ಹತ್ತಿರ ಬ್ರೇಕ್ ತುಳಿಯುತ್ತಾನೆ. ಗಾಡಿ ಆರು ಮೀಟರಿನೊಳಗೆ ಗಕ್ಕನೆ ನಿಲ್ಲುತ್ತದೆ. ‘ಬ್ರೇಕ್ ಚಲೋ ಐತ್ರೀ’ ಎನ್ನುತ್ತಾನೆ. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಗಾಡಿ ಹೊಡೆದುಕೊಂಡು ಬರುವಾಗಲೂ ಅವನಿಗೆ ಹಾಗೇ ಅನ್ನಿಸುತ್ತದೆ. ಆ ಬ್ರೇಕಿನ ನಿಜವಾದ ಪರೀಕ್ಷೆ ನಡೆಯುವುದು ಹೊರೆ ಹೊತ್ತು ಸೇತುವೆಯ ಆಚೆ ಇಳಿಯುವಾಗ. ಅದಕ್ಕೂ ಮೊದಲು ಹಂಗಾಮು ಶುರುವಾಗುವ ವಾರ, ಊರಾಚೆಯ ಖಾಲಿ ಬಯಲಿನಲ್ಲಿ, ಟ್ರೇಲರಿಗೆ ಅರ್ಧ ಹೊರೆಯನ್ನಾದರೂ ಹೇರಿ, ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಒಮ್ಮೆ ಬ್ರೇಕ್ ತುಳಿದು, ನಿಂತ ಜಾಗದ ತನಕ ಹೆಜ್ಜೆ ಎಣಿಸಿ ನೋಡಲಿ. ಎಷ್ಟು ಹೇರಬೇಕು ಎಂಬುದನ್ನು ಆ ಹೆಜ್ಜೆಗಳೇ ಹೇಳುತ್ತವೆ.